ಕರುಳಿನ ಪರೀಕ್ಷೆಯೂ ಮನದ ಪರೀಕ್ಷೆಯೂ

ವ್ಯಾಧಿಯು ಶರೀರವನ್ನು ಪೀಡಿಸುವುದು. ವ್ಯಾಧಿಯ ಶಂಕೆಯು ಮನಸ್ಸನ್ನು ಪೀಡಿಸುವುದು. ಇವೆರಡರಲ್ಲಿ ಯಾವುದು ಹೆಚ್ಚು ದುಃಖದಾಯಕವೆಂದು ಕೇಳಿದರೆ, ಎರಡನ್ನೂ ಅನುಭವಿಸಿದವರು ಅನೇಕ ವೇಳೆ ಎರಡನೆಯದನ್ನೇ ಹೇಳುವರು. ರೋಗವಿದೆಯೆಂದು ನಿಶ್ಚಯವಾದ ಮೇಲೆ ಮನುಷ್ಯನು ಹೇಗೋ ನಡುಕಟ್ಟಿ ನಿಲ್ಲುತ್ತಾನೆ. ಚಿಕಿತ್ಸೆಯ ದಾರಿಯನ್ನು ಹಿಡಿಯುತ್ತಾನೆ. ಇಲ್ಲವೆಂದು ನಿಶ್ಚಯವಾದರೆ ನಿಟ್ಟುಸಿರುಬಿಟ್ಟು ತನ್ನ ಕಾಯಕಕ್ಕೆ ಮರಳುತ್ತಾನೆ. ಆದರೆ ಇದೆಯೋ ಇಲ್ಲವೋ ಎಂಬ ಹೊಸ್ತಿಲಿನ ಮೇಲೆ ನಿಂತಿರಬೇಕಾದ ದಿನಗಳು ಬಹಳ ಕಠಿಣವಾದುವು. ಆಗ ಒಳಗೂ ಹೋಗಲಾಗದು, ಹೊರಗೂ ಬರಲಾಗದು. ಹಗಲು ಹೇಗೋ ಕಳೆಯುವುದು. ರಾತ್ರಿ ಮಾತ್ರ ಕಳೆಯದು.

ಶರಣಧರ್ಮವು ಲೋಕವನ್ನು ತೊರೆದು ಗುಹೆಯಲ್ಲಿ ಕುಳಿತವರಿಗಾಗಿ ಮಾತ್ರ ಹುಟ್ಟಿದ ಧರ್ಮವಲ್ಲ. ಅಂಗಡಿಯಲ್ಲಿ ಕುಳಿತವನಿಗೆ, ಹೊಲದಲ್ಲಿ ದುಡಿಯುವವನಿಗೆ, ಒಲೆಯ ಮುಂದಿರುವ ತಾಯಿಗೆ ಕಷ್ಟಕಾಲದಲ್ಲಿ ಬೆಳಕಾಗದ ತತ್ತ್ವವನ್ನು 12ನೆಯ ಶತಮಾನದ ಶರಣರು ತತ್ತ್ವವೆಂದೇ ಎಣಿಸಲಿಲ್ಲ. ಆದುದರಿಂದ ದೊಡ್ಡ ಕರುಳಿನ ಕ್ಯಾನ್ಸರಿನ ಶಂಕೆಯಿಂದ ಪರೀಕ್ಷೆಗಾಗಿ ಕಾದಿರುವ ಗೃಹಸ್ಥನಿಗೆ ವಚನಧರ್ಮವು ಏನನ್ನು ಹೇಳುವುದೆಂಬುದು ವಿಚಾರಯೋಗ್ಯವಾದ ವಿಷಯವೇ ಸರಿ. ಇದಕ್ಕೆ ನಿದರ್ಶನವಾಗಿ ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳಲಾಗಿದೆ. ಆದರೆ ಇದು ಒಂದು ಮನೆಯ ಸಂಗತಿ ಮಾತ್ರವಲ್ಲ. ಇಂಥ ಮನೆಗಳು ಊರೂರಿನಲ್ಲಿಯೂ ಇವೆ.

ದಾವಣಗೆರೆಯ ಕಡೆಯ ಒಂದು ಊರಿನಲ್ಲಿ ಮೆಕ್ಕೆಜೋಳದ ವ್ಯಾಪಾರಮಾಡುವ ಒಬ್ಬ ಸದ್ಭಕ್ತನಿದ್ದನು. ವಯಸ್ಸು ಐವತ್ತೇಳು. ನಿತ್ಯವೂ ಲಿಂಗಪೂಜೆಯನ್ನು ತಪ್ಪಿಸದವನು, ತೂಕದಲ್ಲಿ ಮೋಸಮಾಡದವನು. ಕೆಲವು ವಾರಗಳಿಂದ ಆತನಿಗೆ ಮಲವಿಸರ್ಜನೆಯ ಕ್ರಮವು ಬದಲಾಗಿತ್ತು. ಕೆಲವು ದಿನ ಮಲಬದ್ಧತೆ, ಕೆಲವು ದಿನ ಭೇದಿ. ನಡುನಡುವೆ ರಕ್ತವೂ ಕಾಣಿಸುತ್ತಿತ್ತು. ಮೂಲವ್ಯಾಧಿ ಇರಬಹುದೆಂದು ತನಗೆ ತಾನೇ ಹೇಳಿಕೊಂಡನು. ಅದು ಮೂಲವ್ಯಾಧಿಯೇ ಆಗಿರುವ ಸಂಭವ ಹೆಚ್ಚೆಂಬುದೂ ನಿಜ. ಆದರೆ ಹಾಗೆಂದು ನಿರ್ಣಯಿಸಬೇಕಾದವನು ವೈದ್ಯನೇ ಹೊರತು ರೋಗಿಯಲ್ಲ. ಮಗಳ ಮದುವೆಯು ನಿಶ್ಚಯವಾಗಿತ್ತು. ಈ ಹೊತ್ತಿನಲ್ಲಿ ಇಂಥ ಮಾತನ್ನು ಎತ್ತಬಾರದೆಂದು ಆತನು ಮೌನವಾಗಿದ್ದನು. ಬೆಲ್ಟಿನ ತೂತು ಎರಡು ಹಿಂದಕ್ಕೆ ಸರಿದುದನ್ನೂ, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನೂ ಮೊದಲು ಕಂಡವಳು ಆತನ ಧರ್ಮಪತ್ನಿ.

“ಏನ್ರೀ, ನೀವು ಏನನ್ನೋ ಮುಚ್ಚಿಡುತ್ತಿದ್ದೀರಿ. ಮದುವೆಯ ಖರ್ಚು ನಿಮ್ಮನ್ನು ಹೀಗೆ ಸೊರಗಿಸುವುದಿಲ್ಲ,” ಎಂದು ಆಕೆ ಕೇಳಿಯೇ ಕೇಳಿದಳು. ಹಿಂದೆ ಆಯ್ದಕ್ಕಿ ಲಕ್ಕಮ್ಮನು ಗಂಡನ ಆಸೆಯನ್ನು ಕಂಡು ಎಚ್ಚರಿಸಿದಳು; ಈ ತಾಯಿಯು ಗಂಡನ ಅಂಜಿಕೆಯನ್ನು ಕಂಡು ಎಚ್ಚರಿಸಿದಳು. ಸತಿಪತಿಗಳು ಒಂದಾಗಿ ಮಾಡುವ ಭಕ್ತಿ ಎಂದರೆ ಪೂಜೆಯಲ್ಲಿ ಜೊತೆಗೆ ಕುಳಿತುಕೊಳ್ಳುವುದು ಮಾತ್ರವಲ್ಲ. ಹೇಳಲಾಗದ ಮಾತನ್ನು ಹೇಳಗೊಡಿಸುವುದೂ ಭಕ್ತಿಯೇ ಆಗಿದೆ.

ವೈದ್ಯರು ಪರೀಕ್ಷಿಸಿದರು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಕಡಿಮೆಯಿರುವುದು ತಿಳಿಯಿತು. “ಕರುಳನ್ನು ಒಳಗಿನಿಂದ ನೋಡಬೇಕು, ಕೊಲೊನೋಸ್ಕೋಪಿ ಮಾಡಿಸಬೇಕು,” ಎಂದು ಹೇಳಿ ಹನ್ನೆರಡು ದಿನಗಳ ಮುಂದಿನ ತಾರೀಖನ್ನು ಕೊಟ್ಟರು. ಕ್ಯಾನ್ಸರ್ ಎಂಬ ಮಾತನ್ನು ಅವರು ಒಂದೇ ಸಲ, ಅದೂ ‘ಇಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕಾಗಿ’ ಎಂದು ಆಡಿದ್ದರು. ಆದರೆ ಆತನ ಕಿವಿಗೆ ಉಳಿದದ್ದು ಆ ಒಂದೇ ಮಾತು.

ಅಂದಿನಿಂದ ಆತನ ಮನಸ್ಸು ಆತನ ವಶದಲ್ಲಿ ಉಳಿಯಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುವುದು. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿ ಗಂಟೇನಾದರೂ ಸಿಗುವುದೋ ಎಂದು ಒತ್ತಿ ನೋಡುವುದು. ಮೊಬೈಲಿನ ಬೆಳಕಿನಲ್ಲಿ ಲೋಕದ ರೋಗಗಳನ್ನೆಲ್ಲ ಓದುವುದು. ಓದಿದುದೆಲ್ಲವೂ ತನಗೇ ಇದೆಯೆಂದು ತೋರುವುದು. ಮಗಳ ಧಾರೆಯಲ್ಲಿ ತಾನಿಲ್ಲದ ಮಂಟಪವನ್ನು ಆತನು ಕಣ್ಣಿಗೆ ಕಟ್ಟುವಂತೆ ಕಂಡನು. ಇನ್ನೂ ಬಾರದ ಸಾವಿಗೆ ಆತನು ಪ್ರತಿರಾತ್ರಿಯೂ ಅತ್ತನು. ಮನಸ್ಸನ್ನು ಶರಣರು ಕೋತಿಗೆ ಹೋಲಿಸಿರುವುದು ಎಷ್ಟು ಯಥಾರ್ಥವೆಂಬುದು ಸುಖದ ದಿನಗಳಲ್ಲಿ ತಿಳಿಯುವುದಿಲ್ಲ. ಇಂಥ ರಾತ್ರಿಗಳಲ್ಲಿ ತಿಳಿಯುವುದು.

ಇಷ್ಟರ ಮೇಲೆ ಬಂಧುಗಳೊಬ್ಬರು, “ಆ ತಾರೀಖಿನಂದು ಅಮಾವಾಸ್ಯೆ, ಪರೀಕ್ಷೆಯನ್ನು ಮುಂದಕ್ಕೆ ಹಾಕಿಸು, ಮದುವೆಯೂ ಮುಗಿಯಲಿ,” ಎಂದು ಸಲಹೆಯಿತ್ತರು. ಅಂಜಿದವನಿಗೆ ಮುಂದೂಡುವ ಸಲಹೆಯು ಅಮೃತದಂತೆ ಕಾಣುವುದು ಸಹಜ. ಆತನು ಒಪ್ಪುವುದರಲ್ಲಿದ್ದನು. ಪತ್ನಿಯು ಒಪ್ಪದೆ ಆತನನ್ನು ಮಠಕ್ಕೆ ಕರೆದುಕೊಂಡು ಹೋದಳು.

ವೃದ್ಧರಾದ ಸ್ವಾಮಿಗಳು ಎಲ್ಲವನ್ನೂ ಕೇಳಿದರು. ಆತನು ನಾಚಿಕೆಯಿಂದ ತಲೆತಗ್ಗಿಸಿ, “ಬುದ್ಧೀ, ತಮ್ಮ ಮುಂದೆ ಆಡಬಾರದ ಅಂಗದ ಮಾತನ್ನು ಆಡುತ್ತಿದ್ದೇನೆ, ಕ್ಷಮಿಸಬೇಕು,” ಎಂದನು.

“ಅಪ್ಪಾ, ಆಡಬಾರದ ಅಂಗ ಯಾವುದು?” ಎಂದು ಸ್ವಾಮಿಗಳು ಕೇಳಿದರು. “ಶರಣರು ಈ ಶರೀರವನ್ನು ಶಿವನ ಆಲಯವೆಂದು ಕಂಡರು. ಆಲಯವೆಂದ ಮೇಲೆ ಗರ್ಭಗುಡಿಯೂ ಉಂಟು, ನೀರು ಹರಿದುಹೋಗುವ ಮೋರಿಯೂ ಉಂಟು. ಮೋರಿಯು ಕಟ್ಟಿದರೆ ಗರ್ಭಗುಡಿಯಲ್ಲಿ ನೀರು ನಿಲ್ಲುವುದು. ಅದನ್ನು ನೋಡಿಸಲು ನಾಚುವ ಧರ್ಮಕರ್ತನನ್ನು ಯಾರಾದರೂ ಮೆಚ್ಚುವರೇ? ಲಿಂಗವನ್ನು ಧರಿಸಿದ ಅಂಗಕ್ಕೆ ಪಂಚಸೂತಕಗಳೇ ಇಲ್ಲವೆಂದ ಧರ್ಮದಲ್ಲಿ ಹುಟ್ಟಿ, ನಿನ್ನ ಕರುಳಿಗೆ ನೀನೇ ಸೂತಕವನ್ನು ಹಚ್ಚುತ್ತೀಯಾ?”

ಈ ಮಾತಿನಲ್ಲಿ ಅಡಗಿರುವ ಸತ್ಯವು ಗಂಭೀರವಾದುದು. ಈ ರೋಗದಲ್ಲಿ ಜನರು ಕಾಲವನ್ನು ಕಳೆದುಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣವು ನಾಚಿಕೆ. ಎದೆ ನೋವೆಂದು ಹತ್ತು ಮಂದಿಯ ಮುಂದೆ ಹೇಳುವವನು, ಮಲದಲ್ಲಿ ರಕ್ತವೆಂದು ಒಬ್ಬ ವೈದ್ಯನ ಮುಂದೆ ಹೇಳಲು ತಿಂಗಳುಗಟ್ಟಲೆ ಹಿಂಜರಿಯುತ್ತಾನೆ. ದೊಡ್ಡ ಕರುಳಿನ ಕ್ಯಾನ್ಸರ್ ಸಾಮಾನ್ಯವಾಗಿ ಒಂದೇ ದಿನದಲ್ಲಿ ಹುಟ್ಟುವುದಲ್ಲ. ಕರುಳಿನ ಒಳಪದರದಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಮೊದಲು ಏಳುವುದು. ಇಂಥ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿಯಾಗಿಯೇ ಉಳಿಯುವುವು. ಕೆಲವು ಮಾತ್ರ, ಅದೂ ಸುಮಾರು ಹತ್ತು ವರ್ಷಗಳ ಅವಧಿಯಲ್ಲಿ, ಕ್ಯಾನ್ಸರಾಗಿ ಮಾರ್ಪಡುವುವು. ರೋಗವು ಕರುಳಿನ ಗೋಡೆಯೊಳಗೆ ಇರುವಾಗಲೇ ಕಂಡುಹಿಡಿದು ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಐದು ವರ್ಷಗಳ ಆಚೆಗೂ ಬದುಕುವರು. ದೂರಕ್ಕೆ ಹರಡಿದ ಮೇಲೆ ಆ ಭರವಸೆ ಬಹಳ ತಗ್ಗುವುದು. ಹಾಗಾದರೆ ಕಾಲವೇ ಇಲ್ಲಿ ಔಷಧವೆಂದಾಯಿತು. ಆ ಔಷಧವನ್ನು ನಾಚಿಕೆಗೆ ಬಲಿಕೊಡುವುದು ವಿವೇಕವಲ್ಲ.

ಅಮಾವಾಸ್ಯೆಯ ಮಾತು ಬಂದಾಗ ಸ್ವಾಮಿಗಳು ನಕ್ಕರು. “ಒಳ್ಳೆಯ ದಿನ, ಕೆಟ್ಟ ದಿನ ಎಂಬ ಲೆಕ್ಕವನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ಅಳಿಸಿಹಾಕಿದರು. ಶಿವನನ್ನು ನೆನೆದ ದಿನವೆಲ್ಲ ಒಳ್ಳೆಯ ದಿನ. ವೈದ್ಯನು ಕೊಟ್ಟ ದಿನವೇ ನಿನ್ನ ಶುಭದಿನ. ಮದುವೆಯ ನೆವವನ್ನು ಹೇಳಬೇಡ. ಮಗಳಿಗೆ ಬೇಕಾದುದು ದೊಡ್ಡ ಚಪ್ಪರವಲ್ಲ, ತಂದೆ.”

ಆಗ ಆತನ ಕಣ್ಣಿನಲ್ಲಿ ನೀರು ತುಂಬಿತು. “ಬುದ್ಧೀ, ಯಾವ ಪಾಪಕ್ಕೆ ಈ ಶಿಕ್ಷೆ? ನಾನು ಯಾರ ಅನ್ನವನ್ನೂ ಕಿತ್ತುಕೊಂಡವನಲ್ಲ.”

“ಶಿಕ್ಷೆ ಎಂದು ನಿನಗೆ ಹೇಳಿದವರಾರು? ರೋಗವೇ ಇದೆಯೆಂದು ಇನ್ನೂ ತಿಳಿದಿಲ್ಲ. ಅದಕ್ಕೆ ಮೊದಲೇ ನೀನು ಅಪರಾಧವನ್ನೂ ಹೊರಿಸಿಕೊಂಡು, ತೀರ್ಪನ್ನೂ ಬರೆದುಕೊಂಡೆ. ಹಾಲು ಕುಡಿಯುವ ಕೂಸಿಗೂ ಜ್ವರ ಬರುತ್ತದೆ. ಅದು ಯಾರ ಅನ್ನವನ್ನು ಕಿತ್ತುಕೊಂಡಿತ್ತು? ದಯೆಯನ್ನೇ ಧರ್ಮದ ಬೇರೆಂದು ಸಾರಿದವರ ಶಿವನು, ಭಕ್ತನ ಕರುಳನ್ನು ಹಿಂಡಿ ಲೆಕ್ಕ ತೀರಿಸಿಕೊಳ್ಳುವ ಸಾಲಗಾರನಲ್ಲ.”

ವೈದ್ಯಶಾಸ್ತ್ರವು ಈ ರೋಗಕ್ಕೆ ಹೇಳುವ ಕಾರಣಗಳೂ ಇದನ್ನೇ ಸಮರ್ಥಿಸುವುವು. ವಯಸ್ಸು ಹೆಚ್ಚುವುದು, ರಕ್ತಸಂಬಂಧಿಗಳಲ್ಲಿ ಈ ರೋಗವು ಬಂದಿರುವುದು, ಕರುಳಿನ ದೀರ್ಘಕಾಲದ ಉರಿಯೂತ, ಬೊಜ್ಜು, ತಂಬಾಕು, ಮದ್ಯ, ನಾರಿನಂಶವಿಲ್ಲದ ಊಟ, ಕುಳಿತೇ ಕಳೆಯುವ ಬಾಳು ಇವೆಲ್ಲ ಅಪಾಯವನ್ನು ಹೆಚ್ಚಿಸುವುವು. ಇವುಗಳಲ್ಲಿ ತಿದ್ದಿಕೊಳ್ಳಬಹುದಾದುವನ್ನು ತಿದ್ದಿಕೊಳ್ಳಬೇಕು. ಆದರೆ ಇವೊಂದೂ ಇಲ್ಲದವನಿಗೂ ಈ ರೋಗವು ಬರಬಹುದು. ಆದುದರಿಂದ ರೋಗಿಯನ್ನು ಕಂಡು ‘ಏನು ಮಾಡಿದ್ದನೋ’ ಎಂದು ಪಿಸುಗುಟ್ಟುವವರು ಶಾಸ್ತ್ರವನ್ನೂ ಅರಿಯರು, ಶಿವನನ್ನೂ ಅರಿಯರು.

ಚಿಂತೆ ಬೇರೆ, ಎಚ್ಚರ ಬೇರೆ. ಎಚ್ಚರವು ಮನುಷ್ಯನನ್ನು ವೈದ್ಯನ ಬಾಗಿಲಿಗೆ ಕರೆದೊಯ್ಯುವುದು. ಚಿಂತೆಯು ಹಾಸಿಗೆಯಲ್ಲಿಯೇ ಹೊರಳಾಡಿಸುವುದು. ರೈತನು ಬೀಜವನ್ನು ಬಿತ್ತಿದ ಮೇಲೆ ಬದುವನ್ನು ಕಟ್ಟುತ್ತಾನೆ, ಎತ್ತುಗಳನ್ನು ಮೇಯಿಸುತ್ತಾನೆ, ಕಾಯುತ್ತಾನೆ. ಬಿತ್ತಿದ ಬೀಜವನ್ನು ದಿನಕ್ಕೆ ಮೂರು ಸಲ ಕೆದಕಿ ಮೊಳೆತಿದೆಯೋ ಎಂದು ನೋಡುವವನಿಗೆ ಬೆಳೆಯೂ ಇಲ್ಲ, ನಿದ್ರೆಯೂ ಇಲ್ಲ. ಹೊಟ್ಟೆಯನ್ನು ಒತ್ತಿ ನೋಡುವುದೂ, ರಾತ್ರಿಯಿಡೀ ರೋಗಗಳನ್ನು ಓದುವುದೂ ಬೀಜವನ್ನು ಕೆದಕುವ ಕೆಲಸವೇ ಆಗಿದೆ. ಇದರಲ್ಲಿ ಇನ್ನೊಂದು ವಿಪರೀತವುಂಟು. ಮನಸ್ಸಿಗೂ ಕರುಳಿಗೂ ನರಗಳ ಮೂಲಕ ನಿಕಟವಾದ ಸಂಬಂಧವಿದೆ. ಅಂಜಿದವನ ಹೊಟ್ಟೆಯು ತಾನಾಗಿ ಕಲಕುವುದು; ಹಿಂಡಿದಂತಾಗುವುದು; ಭೇದಿಯೂ ಆಗುವುದು. ಚಿಂತೆಯು ಹುಟ್ಟಿಸಿದ ಈ ಲಕ್ಷಣವನ್ನು ಕಂಡು ಆತನು ರೋಗವು ಹೆಚ್ಚಿತೆಂದು ಮತ್ತಷ್ಟು ಅಂಜುತ್ತಾನೆ. ಹೀಗೆ ಚಿಂತೆಯೇ ಸಾಕ್ಷಿಯನ್ನು ಹುಟ್ಟಿಸಿ ತಾನೇ ತೀರ್ಪು ಕೊಡುವುದು. ಆದರೆ ರಕ್ತ ಬೀಳುವುದು ಮಾತ್ರ ಚಿಂತೆಯ ಕೆಲಸವಲ್ಲ, ಅದನ್ನು ತೋರಿಸಲೇಬೇಕು.

ಅರಿವು ಭಯವನ್ನು ಪೂರ್ಣವಾಗಿ ಕಳೆಯದಿದ್ದರೂ ಅದರ ಗಾತ್ರವನ್ನು ಕುಗ್ಗಿಸುವುದು. ಆದುದರಿಂದ ಪರೀಕ್ಷೆಯ ಸ್ವರೂಪವನ್ನು ಅರಿಯುವುದು ಹಿತಕರ. ಮನುಷ್ಯನ ದೊಡ್ಡ ಕರುಳು ಸುಮಾರು ಐದಡಿ ಉದ್ದವಿರುವುದು. ಬೆರಳಿನ ಗಾತ್ರದ, ಬಾಗುವ ಒಂದು ನಳಿಗೆಯನ್ನು ಗುದದ್ವಾರದಿಂದ ಒಳಗೆ ಸೇರಿಸಿ, ಅದರ ತುದಿಯಲ್ಲಿರುವ ಬೆಳಕಿನಿಂದಲೂ ಕ್ಯಾಮರಾದಿಂದಲೂ ಕರುಳಿನ ಒಳಗೋಡೆಯನ್ನು ತೆರೆಯ ಮೇಲೆ ನೋಡುವರು. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯೊಳಗೆ ಇದು ಮುಗಿಯುವುದು. ಮಂಪರು ಬರುವ ಔಷಧವನ್ನು ಕೊಡುವುದರಿಂದ ಅನೇಕರಿಗೆ ಅದರ ನೆನಪೇ ಉಳಿಯುವುದಿಲ್ಲ. ಪಾಲಿಪ್ ಕಂಡರೆ ಅನೇಕ ವೇಳೆ ಆಗಲೇ ತೆಗೆದುಹಾಕುವರು. ಅನುಮಾನಾಸ್ಪದವಾದ ಸ್ಥಳದಿಂದ ಚೂರು ಮಾಂಸವನ್ನು ಬಯಾಪ್ಸಿಗಾಗಿ ಚಿವುಟಿ ತೆಗೆಯುವರು, ಅದರಿಂದ ನೋವಾಗದು. ಕರುಳಿಗೆ ಗಾಯವಾಗುವ ಅಪಾಯವು ಇಲ್ಲವೆಂದಲ್ಲ. ಆದರೆ ಅದು ಬಹಳ ವಿರಳ. ಹೀಗೆ ಪರೀಕ್ಷೆಗೆ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲವೆಂಬುದನ್ನೂ ನೆನಪಿಡತಕ್ಕದ್ದು.

ಪರೀಕ್ಷೆಗಿಂತಲೂ ಅದರ ಹಿಂದಿನ ದಿನವೇ ಕಷ್ಟವೆಂದು ಅನುಭವಿಗಳು ಹೇಳುವರು. ಕರುಳು ಪೂರ್ಣವಾಗಿ ಸ್ವಚ್ಛವಾಗದಿದ್ದರೆ ಕಾಣಬೇಕಾದುದು ಕಾಣದು. ಎರಡು ಮೂರು ದಿನ ಮೊದಲಿನಿಂದಲೇ ರೊಟ್ಟಿ, ರಾಗಿಮುದ್ದೆ, ಕಾಳು, ಸೊಪ್ಪು, ಬೀಜವಿರುವ ಬದನೆ, ಟೊಮೇಟೊ, ಸೀಬೆಗಳನ್ನು ಬಿಟ್ಟು ಬಿಳಿ ಅನ್ನ, ಮೊಸರು ಇಂಥ ನಾರಿಲ್ಲದ ಊಟವನ್ನು ಮಾಡಬೇಕು. ಹಿಂದಿನ ದಿನ ತಿಳಿಯಾದ ದ್ರವಗಳು ಮಾತ್ರ: ನೀರು, ಎಳನೀರು, ಸೋಸಿದ ತಿಳಿಸಾರು, ಹಾಲಿಲ್ಲದ ಚಹ. ಕೆಂಪು ಬಣ್ಣದ ಪಾನಕವು ಕೂಡದು. ಕರುಳಿನೊಳಗೆ ಅದು ರಕ್ತದಂತೆ ಕಾಣಬಹುದು. ಸಕ್ಕರೆ ಕಾಯಿಲೆಗೆ, ರಕ್ತವನ್ನು ತೆಳುವಾಗಿಸುವುದಕ್ಕೆ ಔಷಧ ಸೇವಿಸುವವರೂ, ಕಬ್ಬಿಣಾಂಶದ ಗುಳಿಗೆ ನುಂಗುವವರೂ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ, ಅವರು ಹೇಳಿದಂತೆ ನಡೆಯಬೇಕು. ಬಳಿಕ ಭೇದಿಯ ಔಷಧವನ್ನು ನೀರಿನಲ್ಲಿ ಕಲಸಿ ಲೀಟರುಗಟ್ಟಲೆ ಕುಡಿಯಬೇಕು. ಪರೀಕ್ಷೆಯ ದಿನ ಜೊತೆಗೆ ಒಬ್ಬರು ಇರಲೇಬೇಕು. ಮಂಪರು ಇಳಿದರೂ ಅಂದು ವಾಹನವನ್ನು ನಡೆಸಬಾರದು.

ಆ ಭಕ್ತನಿಗೆ ಈ ವಿಷಯದಲ್ಲಿ ಎರಡು ಸಂದೇಹಗಳಿದ್ದುವು. ಸಂಪ್ರದಾಯನಿಷ್ಠರಾದ ಗೃಹಸ್ಥರಿಗೆ ಇಂಥ ಸಂದೇಹಗಳು ಬರುವುದು ಸಹಜ. ಅವುಗಳನ್ನು ಹಗುರವಾಗಿ ಕಾಣಬಾರದು.

“ಬುದ್ಧೀ, ಭೇದಿಯಾಗುತ್ತಿರುವ ದಿನ ನಾನು ಲಿಂಗಪೂಜೆಯನ್ನು ಹೇಗೆ ಮಾಡಲಿ? ಆ ಔಷಧವನ್ನು ಲಿಂಗಕ್ಕೆ ಹೇಗೆ ಅರ್ಪಿಸಲಿ?”

“ಲಿಂಗಕ್ಕೆ ಅರ್ಪಿಸದೆ ನೀನು ಏನನ್ನೂ ಸೇವಿಸುವವನಲ್ಲವಷ್ಟೆ? ಹಾಗಾದರೆ ಔಷಧವನ್ನೂ ಅರ್ಪಿಸಿಯೇ ಕುಡಿ. ಪಾಯಸವು ಮಾತ್ರ ಪ್ರಸಾದವೆಂದುಕೊಂಡಿದ್ದೆಯಾ? ಉಪ್ಪುಪ್ಪಾದ ಆ ನೀರೂ ಅಂದು ಪ್ರಸಾದವೇ. ನೂರು ಸಲ ಬಚ್ಚಲಿಗೆ ಹೋದರೂ ಕೈಕಾಲು ತೊಳೆದು ಬಂದು ವಿಭೂತಿಯನ್ನು ಧರಿಸು. ಐದು ನಿಮಿಷ ಲಿಂಗವನ್ನು ಕರಸ್ಥಲದಲ್ಲಿಟ್ಟು ನೋಡು. ಅಷ್ಟು ಸಾಕು.”

“ಮುಂದೆ ಸ್ಕ್ಯಾನ್ ಮಾಡಿದರೆ ಕರಡಿಗೆಯನ್ನು ತೆಗೆಯಬೇಕೆಂದು ಹೇಳುತ್ತಾರೆ. ಅಂಗದಿಂದ ಲಿಂಗವನ್ನು ಅಗಲಿಸಲೇ?”

ಸ್ವಾಮಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಬೆಳ್ಳಿಯ ಕರಡಿಗೆಯು ಲಿಂಗವಲ್ಲ. ಅದನ್ನು ಮನೆಯಲ್ಲಿಟ್ಟು ಲಿಂಗವನ್ನು ಅರಿವೆಯಲ್ಲಿ ಕಟ್ಟಿಕೊಂಡು ಹೋಗು. ಅದಕ್ಕೂ ಯಂತ್ರದ ಬಳಿ ಒಪ್ಪದಿದ್ದರೆ, ಆ ಅರ್ಧ ಗಂಟೆ ನಿನ್ನ ಧರ್ಮಪತ್ನಿಯ ಕರಸ್ಥಲದಲ್ಲಿ ಇರಿಸು, ಆಕೆಯೂ ಲಿಂಗವಂತಳೇ. ನುಲಿಯ ಚಂದಯ್ಯನ ಸಂಗತಿಯನ್ನು ಕೇಳಿಲ್ಲವೇ? ಹುಲ್ಲು ಕೊಯ್ಯುವಾಗ ಲಿಂಗವು ಜಾರಿ ಬಿದ್ದರೂ ಆತನು ಕಾಯಕವನ್ನು ಬಿಡಲಿಲ್ಲ. ನಿನಗೆ ಆ ಹೊತ್ತಿನ ಕಾಯಕವು ಅಲುಗಾಡದೆ ಮಲಗಿರುವುದು. ಇಷ್ಟಲಿಂಗವು ಆಕೆಯ ಅಂಗೈಯಲ್ಲಿರಲಿ. ಪ್ರಾಣಲಿಂಗವನ್ನು ಯಾವ ಯಂತ್ರದವನೂ ತೆಗೆದಿಡು ಎನ್ನಲಾರನು.”

ಈ ಉತ್ತರದಿಂದ ಆತನ ಮುಖದಲ್ಲಿ ಅಂದು ಮೊದಲ ಬಾರಿಗೆ ನಗು ಕಾಣಿಸಿತು.

ಪರೀಕ್ಷಾಲಯದ ಮಂಚದ ಮೇಲೆ ಮಲಗುವವನು ತಾನೊಬ್ಬನೇ ಎಂದು ಭಾವಿಸುವುದುಂಟು. ವಾಸ್ತವವಾಗಿ ಆತನ ಸುತ್ತಲೂ ಎಷ್ಟೋ ಮಂದಿಯ ಕಾಯಕವು ನಿಂತಿರುವುದು. 1926ರಲ್ಲಿ ಪಂಜಾಬದ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸನೊಡನೆ ದುಡಿದು, ಕೂದಲಿನಂಥ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂಬುದನ್ನು 1954ರಲ್ಲಿ ಲೋಕಕ್ಕೆ ತೋರಿಸಿದನು. ಬಾಗಿದ ದಾರಿಯಲ್ಲಿಯೂ ಬೆಳಕು ನಡೆಯುವುದೆಂಬ ಆ ಅರಿವಿನಿಂದ ಶರೀರದ ಒಳಗನ್ನು ಕಾಣುವ ಬಾಗುವ ನಳಿಗೆಗಳು ಹುಟ್ಟಿದುವು. 1969ರಲ್ಲಿ ನ್ಯೂಯಾರ್ಕಿನ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಎಂಬ ವೈದ್ಯರು ಹೊಟ್ಟೆಯನ್ನು ಕೊಯ್ಯದೆಯೇ ಅಂಥ ನಳಿಗೆಯಿಂದ ಕರುಳಿನ ಪಾಲಿಪನ್ನು ತೆಗೆದರು. ಅದಕ್ಕೆ ಮೊದಲು ಅದನ್ನು ತೆಗೆಯಬೇಕಾದರೆ ಅನೇಕ ವೇಳೆ ಹೊಟ್ಟೆಯನ್ನೇ ತೆರೆಯಬೇಕಾಗಿತ್ತು. ಇಂದಿನ ರೋಗಿಯು ಅನುಭವಿಸುವ ಅರ್ಧ ಗಂಟೆಯ ಮುಜುಗರದ ಹಿಂದೆ ಇಷ್ಟು ಮಂದಿಯ ಪರಿಶ್ರಮವಿದೆ.

ಶರಣರ ಗಣದಲ್ಲಿ ವೈದ್ಯ ಸಂಗಣ್ಣನಿದ್ದನು. ಬಟ್ಟೆಯನ್ನು ಮಡಿಮಾಡುವ ಮಡಿವಾಳ ಮಾಚಿದೇವನಿದ್ದನು. ಒಬ್ಬನ ಕಾಯಕವು ಮೇಲು, ಇನ್ನೊಬ್ಬನದು ಕೀಳೆಂದು ಅನುಭವಮಂಟಪವು ಎಣಿಸಲಿಲ್ಲ. ಆ ದೃಷ್ಟಿಯಿಂದ ನೋಡಿದರೆ ನಳಿಗೆಯನ್ನು ಹಿಡಿದ ವೈದ್ಯ, ಕೈಹಿಡಿದು ಮಲಗಿಸುವ ದಾದಿ, ಸೂಕ್ಷ್ಮದರ್ಶಕದ ಮುಂದೆ ಕುಳಿತು ಮಾಂಸದ ಚೂರನ್ನು ಪರೀಕ್ಷಿಸುವವರು, ಬಚ್ಚಲನ್ನು ತೊಳೆಯುವ ತಾಯಿ ಇವರೆಲ್ಲರೂ ಭಕ್ತನ ಪಾಲಿಗೆ ಜಂಗಮರೇ ಸರಿ. ಅವರ ಕೈಗೆ ಶರೀರವನ್ನು ಒಪ್ಪಿಸುವಾಗ ‘ಶಿವನ ಕೈಗೆ ಒಪ್ಪಿಸಿದೆನು’ ಎಂಬ ಭಾವವು ಬಂದರೆ ಭಯವು ಅರ್ಧವಾಗುವುದು. ಶಿವನು ಸಹಾಯವನ್ನು ಆಕಾಶದಿಂದ ಇಳಿಸಬೇಕೆಂದು ಹಟಹಿಡಿದು, ಮನುಷ್ಯರ ಕೈಯಿಂದ ಕಳುಹಿಸಿದ ಸಹಾಯವನ್ನು ಹಿಂದಿರುಗಿಸುವುದು ಭಕ್ತಿಯಲ್ಲ.

ಅಮಾವಾಸ್ಯೆಯಂದೇ ಪರೀಕ್ಷೆಯಾಯಿತು. ವೈದ್ಯರು ಎರಡು ಗಂಟುಗಳನ್ನು ಕಂಡರು. ಚಿಕ್ಕದನ್ನು ಆಗಲೇ ತೆಗೆದರು. ದೊಡ್ಡದರಿಂದ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದರು. “ವರದಿಯು ಬರುವುದಕ್ಕೆ ಒಂದು ವಾರ ಬೇಕು,” ಎಂದರು. ಹೊಸ್ತಿಲು ಮುಗಿಯಿತೆಂದುಕೊಂಡವನ ಮುಂದೆ ಇನ್ನೊಂದು ಹೊಸ್ತಿಲು ಬಂದು ನಿಂತಿತು.

ಈ ವಾರಕ್ಕೆಂದು ಸ್ವಾಮಿಗಳು ಮೊದಲೇ ಒಂದು ಕ್ರಮವನ್ನು ಹೇಳಿಕೊಟ್ಟಿದ್ದರು. ಕಾದಿರುವ ಎಲ್ಲರಿಗೂ ಅದು ಉಪಯುಕ್ತವಾಗಿದೆ. ಮೊದಲನೆಯದು, ಬೆಳಗಿನ ಪೂಜೆಯಲ್ಲಿ ‘ರೋಗವು ಇರದಿರಲಿ’ ಎಂಬ ಒಂದೇ ಬೇಡಿಕೆಯನ್ನು ನೂರು ಸಲ ಹೇಳುವುದನ್ನು ಬಿಟ್ಟು, ‘ಏನೇ ಇದ್ದರೂ ಅದನ್ನು ಎದುರಿಸುವ ಬಲವಿರಲಿ’ ಎಂದು ಒಂದು ಸಲ ಬೇಡುವುದು. ಮೊದಲಿನ ಬೇಡಿಕೆಯು ತಪ್ಪೆಂದಲ್ಲ. ಆದರೆ ಅದು ಪ್ರತಿಸಲವೂ ಭಯವನ್ನೇ ನೆನಪಿಗೆ ತರುವುದು. ಎರಡನೆಯದು, ಚಿಂತೆಗೆ ದಿನದಲ್ಲಿ ಒಂದು ಹೊತ್ತನ್ನು ಗೊತ್ತುಮಾಡುವುದು. ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ ಸತಿಪತಿಗಳು ಕುಳಿತು ಮನಸ್ಸಿನಲ್ಲಿರುವುದನ್ನೆಲ್ಲ ಹೇಳಿಕೊಳ್ಳಬೇಕು, ವೈದ್ಯರನ್ನು ಕೇಳಬೇಕಾದುದನ್ನು ಕಾಗದದ ಮೇಲೆ ಬರೆಯಬೇಕು, ಆಮೇಲೆ ಏಳಬೇಕು. ಬೇರೆ ಹೊತ್ತಿನಲ್ಲಿ ಚಿಂತೆಯು ಬಂದರೆ, ಬಾಗಿಲಿಗೆ ಬಂದ ಸಾಲಗಾರನಿಗೆ ಹೇಳುವಂತೆ ‘ಸಂಜೆ ಬಾ’ ಎಂದು ಹೇಳಬೇಕು. ಮೂರನೆಯದು, ಕಾಯಕವನ್ನು ಬಿಡಬಾರದು. ಅಂಗಡಿಯ ಬಾಗಿಲನ್ನು ಮುಚ್ಚಿದರೆ ಮನಸ್ಸಿನ ಬಾಗಿಲು ಭಯಕ್ಕೆ ತೆರೆದಂತಾಗುವುದು. ನಾಲ್ಕನೆಯದು, ದಾಸೋಹ. ತನ್ನಂತೆಯೇ ಕಾದಿರುವ ಇನ್ನೊಬ್ಬನಿಗೆ ಒಂದು ಲೋಟ ನೀರು ಕೊಟ್ಟವನು ಅಷ್ಟು ಹೊತ್ತು ತನ್ನನ್ನು ಮರೆಯುತ್ತಾನೆ. ಇಷ್ಟಾದರೂ ನಿದ್ರೆಯೂ ಊಟವೂ ದೂರವಾದರೆ, ಅದನ್ನು ಭಕ್ತಿಯ ಕೊರತೆಯೆಂದು ಭಾವಿಸದೆ ವೈದ್ಯರಿಗೆ ಹೇಳಬೇಕು. ಮನಸ್ಸಿನ ಬೇನೆಗೂ ಔಷಧವುಂಟು.

ಮನೆಗೆ ಬರುವ ಬಂಧುಗಳಿಗೂ ಒಂದು ಧರ್ಮವುಂಟು. ಇದೇ ರೋಗದಿಂದ ಸತ್ತವರ ಕಥೆಯನ್ನು ಕಾದಿರುವವನ ಮುಂದೆ ಹೇಳಬಾರದು. ‘ನಿನಗೆ ಏನೂ ಆಗಿಲ್ಲ, ಬಿಡು’ ಎಂದು ತಿಳಿಯದುದನ್ನು ತಿಳಿದಂತೆಯೂ ಹೇಳಬಾರದು. ‘ಆಸ್ಪತ್ರೆಗೆ ನಾನೂ ಬರುತ್ತೇನೆ, ಅಂಗಡಿಯನ್ನು ಅಂದು ನನ್ನ ಮಗ ನೋಡಿಕೊಳ್ಳುವನು’ ಎನ್ನುವವನೇ ನಿಜವಾದ ಶರಣಬಂಧು. ಮಾತಿನ ಸಮಾಧಾನಕ್ಕಿಂತ ಜೊತೆಗಿರುವ ಸಮಾಧಾನವು ದೊಡ್ಡದು. ಖರ್ಚಿನ ಭಯದಿಂದ ಹಿಂಜರಿಯುವವರಿಗೆ ದಾರಿಯನ್ನು ತಿಳಿಸುವುದೂ ದಾಸೋಹವೇ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಸರಕಾರಿ ಆಸ್ಪತ್ರೆಯುಂಟು. 2018ರಲ್ಲಿ ಆರಂಭವಾದ ‘ಆಯುಷ್ಮಾನ್ ಭಾರತ – ಆರೋಗ್ಯ ಕರ್ನಾಟಕ’ ಯೋಜನೆಯಿಂದ ಅರ್ಹ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಗೆ ಸಹಾಯವುಂಟು. ಇದನ್ನು ಅರಿಯದವರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ.

ಎಂಟನೆಯ ದಿನ ವರದಿಯು ಬಂದಿತು. ದೊಡ್ಡ ಗಂಟಿನಲ್ಲಿ ಕ್ಯಾನ್ಸರಿನ ಕಣಗಳಿದ್ದುವು. ವೈದ್ಯರು ಮಾತನ್ನು ಮುಗಿಸುವವರೆಗೆ ಸತಿಪತಿಗಳು ಒಬ್ಬರ ಕೈಯನ್ನೊಬ್ಬರು ಹಿಡಿದಿದ್ದರು. ಆತನಿಗೆ ಭಯವಾಗಲಿಲ್ಲವೆಂದು ಹೇಳಿದರೆ ಅದು ಸುಳ್ಳಾದೀತು. ಗಂಟಲು ಒಣಗಿತು, ಕಾಲು ನಡುಗಿತು. ಆದರೆ ಆತನು ಜೇಬಿನಿಂದ ಕಾಗದವನ್ನು ತೆಗೆದು, ಸಂಜೆಗಳಲ್ಲಿ ಬರೆದಿಟ್ಟಿದ್ದ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದನು. ಸ್ಕ್ಯಾನ್ ಮಾಡಲಾಯಿತು, ಆ ಹೊತ್ತು ಇಷ್ಟಲಿಂಗವು ಪತ್ನಿಯ ಕರಸ್ಥಲದಲ್ಲಿತ್ತು. ರೋಗವು ದೂರಕ್ಕೆ ಹರಡಿರಲಿಲ್ಲ. ಕರುಳಿನ ಆ ಭಾಗವನ್ನು ತೆಗೆದು ಎರಡು ತುದಿಗಳನ್ನು ಜೋಡಿಸಿದರು. ಮದುವೆಯನ್ನು ಮಗಳೇ ಎರಡು ತಿಂಗಳು ಮುಂದಕ್ಕೆ ಹಾಕಿಸಿದಳು. ಧಾರೆಯ ಮಂಟಪದಲ್ಲಿ ತಂದೆಯು ಸ್ವಲ್ಪ ಬಾಗಿ, ಆದರೆ ತನ್ನ ಕಾಲಿನ ಮೇಲೆಯೇ ನಿಂತಿದ್ದನು.

ಅಮಾವಾಸ್ಯೆಯ ನೆವದಿಂದ ಪರೀಕ್ಷೆಯು ಮುಂದೆ ಹೋಗಿದ್ದರೆ, ಮದುವೆಯ ಗಡಿಬಿಡಿಯಲ್ಲಿ ಮರೆತಿದ್ದರೆ, ಏನಾಗುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ಎಲ್ಲರ ಕಥೆಯೂ ಹೀಗೆಯೇ ಮುಗಿಯುವುದೆಂದು ಹೇಳಲಾಗದು. ಕೆಲವರಿಗೆ ವರದಿಯು ನಿರಾತಂಕವಾಗಿ ಬರುವುದು. ಅವರು ಶಿವನನ್ನು ನೆನೆದು, ವೈದ್ಯರು ಹೇಳಿದ ಕಾಲಕ್ಕೆ ಮತ್ತೆ ಪರೀಕ್ಷೆಯನ್ನು ಮಾಡಿಸಿಕೊಳ್ಳಬೇಕು. ಕೆಲವರಿಗೆ ಮುಂದಿನ ದಾರಿಯು ಇನ್ನೂ ಕಡಿದಾಗಿರುವುದು. ಶರಣರು ಮರಣವನ್ನೂ ಹಬ್ಬವೆಂದು ಕರೆದರೆಂಬುದು ಸತ್ಯ. ಆದರೆ ಆ ಮಾತು ಬದುಕನ್ನು ಅಲಕ್ಷ್ಯಮಾಡುವವನ ಮಾತಲ್ಲ. ಬದುಕಿಗೆ ಮಾಡಬೇಕಾದುದನ್ನೆಲ್ಲ ಮಾಡಿದವನ ಮಾತು. ಶರೀರವನ್ನು ಕಾಪಾಡಿಕೊಳ್ಳುವ ಪ್ರಯತ್ನವನ್ನು ಪೂರ್ಣವಾಗಿ ಮಾಡಿ, ಅದರ ಫಲವನ್ನು ಶಿವಾರ್ಪಣ ಮಾಡುವುದೇ ಪ್ರಸಾದಿಯ ಲಕ್ಷಣ. ಪ್ರಯತ್ನವಿಲ್ಲದ ಅರ್ಪಣೆಯು ಸೋಮಾರಿತನ. ಅರ್ಪಣೆಯಿಲ್ಲದ ಪ್ರಯತ್ನವು ಸಂಕಟ.

ಕರುಳಿನ ಪರೀಕ್ಷೆಯನ್ನು ವೈದ್ಯನು ಅರ್ಧ ಗಂಟೆಯಲ್ಲಿ ಮುಗಿಸುವನು. ಮನಸ್ಸಿನ ಪರೀಕ್ಷೆಯು ಅದಕ್ಕಿಂತ ಮೊದಲೇ ಆರಂಭವಾಗಿ, ಅದರ ಬಳಿಕವೂ ನಡೆಯುವುದು. ಆ ಪರೀಕ್ಷೆಯಲ್ಲಿ ಭಯಪಡದವನೇ ಗೆಲ್ಲುವನೆಂದಲ್ಲ. ಭಯಪಡುತ್ತಲೇ ಬಾಯಿಬಿಟ್ಟು ಹೇಳಿದವನು, ಭಯಪಡುತ್ತಲೇ ಗೊತ್ತಾದ ದಿನ ಗೊತ್ತಾದ ಬಾಗಿಲಿಗೆ ಹೋದವನು, ಭಯಪಡುತ್ತಲೇ ತನ್ನ ಅಂಗಡಿಯ ಬಾಗಿಲನ್ನು ತೆರೆದವನು ಗೆದ್ದವನೇ ಸರಿ. ಅಂಥವರ ರಾತ್ರಿಗಳು ಹಗುರವಾಗಲಿ; ಅವರ ಕೈಯನ್ನು ಹಿಡಿಯುವವರು ಅವರ ಮನೆಯಲ್ಲಿಯೇ ಇರಲಿ; ಅವರನ್ನು ಪರೀಕ್ಷಿಸುವ ಕೈಗಳಿಗೆ ಶಿವನು ಕೌಶಲವನ್ನು ದಯಪಾಲಿಸಲಿ. ಸರ್ವರಿಗೂ ಸನ್ಮಂಗಲವಾಗಲಿ. ಓಂ ನಮಃ ಶಿವಾಯ.